ಬೆನ್ನ ಮೇಲಿನ ತೇಪೆ

ಮಗನ ಮನೆಯ ಪಡಸಾಲೆಯ ಗೋಡೆಗೆ ಹರಕು ಬಟ್ಟೆಯೊಂದನ್ನು ಗಾಜಿನ ಕಟ್ಟು ಹಾಕಿಸಿ ತೂಗುಹಾಕಿದ್ದನ್ನು ಮಹಾದೇವಕ್ಕ ಬಂದ ದಿನವೇ ಕಂಡಳು. ವಿಮಾನದಲ್ಲಿ ಕೂತು ಕಾಲು ಬಾತಿದ್ದವು. ಕತಾರಿನ ದೋಹಾದಿಂದ ಮಗನಿರುವ ದುಖಾನಿನವರೆಗೂ ಬರೀ ಮರಳು ನೋಡಿ ನೋಡಿ ಕಣ್ಣು ಸೋತಿದ್ದವು. ಆದರೂ ಸೋಫಾದ ಮೇಲೆ ಕೂತವಳು ನೀರು ಕೇಳುವ ಮೊದಲು ಕೇಳಿದ್ದು ಅದನ್ನೇ.

"ಸೋಮೂ, ಅದೇನಪಾ ಗ್ವಾಡೀಗೆ? ಇಲ್ಲೆ ದೇವರ ಫೋಟೊ ಸಿಗೂದಿಲ್ಲೇನು?"

ಸೋಮನಾಥ ನಕ್ಕ. "ನಿನ್ನ ಸೊಸೀನ ಕೇಳವಾ. ಜಪಾನಿ ವಿದ್ಯಾ ಅದು."

ಶೈಲಾ ನೀರಿನ ತಂಬಿಗೆ ಹಿಡಿದುಕೊಂಡೇ ಉತ್ಸಾಹದಿಂದ ವಿವರಿಸಿದಳು. ಹಳೆಯ ಬಟ್ಟೆಯನ್ನು ಎಸೆಯಬಾರದು, ಹರಿದಲ್ಲಿ ಇನ್ನೊಂದು ಹಳೆಯ ಬಟ್ಟೆಯ ತುಂಡಿಟ್ಟು ಬಿಳಿ ದಾರದಿಂದ ಸಾಲುಸಾಲಾಗಿ ಕೈಹೊಲಿಗೆ ಹಾಕಬೇಕು, ಆ ಸಾಲುಗಳಿಂದಲೇ ಅಲೆ, ಎಲೆ, ನಕ್ಷತ್ರಗಳ ಚಿತ್ತಾರ ಮೂಡಬೇಕು, ಇದಕ್ಕೆ ಸಾಶಿಕೊ ಎನ್ನುತ್ತಾರೆ ಎಂದಳು. ಕಂಪನಿ ಮನೆಗಳ ಕೊನೆಯ ಸಾಲಿನಲ್ಲಿದ್ದ ಜಪಾನಿ ಎಂಜಿನಿಯರನ ಹೆಂಡತಿ ಹಿಸಾಕೊ ಮಂಗಳವಾರಕ್ಕೊಮ್ಮೆ ತನ್ನ ಮನೆಯಲ್ಲಿ ಕಲಿಸುತ್ತಾಳಂತೆ.

"ತೇಪಿ ಕಾಣದಂಗ ಹೊಲೀತಾರೇನು?" ಎಂದಳು ಮಹಾದೇವಕ್ಕ.

"ಇಲ್ಲರಿ ಅತ್ತಿ. ಎದ್ದು ಕಾಣೂಹಂಗ ಹೊಲೀಬೇಕು. ಅದಽ ಇದರ ಚಂದ."

ಮಹಾದೇವಕ್ಕ ಇನ್ನೊಮ್ಮೆ ಗೋಡೆಯತ್ತ ನೋಡಿದಳು. ಆಮೇಲೆ ನೀರು ಕುಡಿದು, ಬಾಯಿ ಒರೆಸಿಕೊಂಡು, "ಭೇಷಿ. ಹರಕು ಉಡೂದು ಸಾಲದಾಗಿ ಗ್ವಾಡೀಗೂ ಉಡಸೀರಿ," ಎಂದಳು.

ಅವಳ ಈ ತಾತ್ಸಾರಕ್ಕೆ ಕಾರಣ ಇಲ್ಲದಿರಲಿಲ್ಲ. ರೋಣದ ಕಡೆಯ ಸಣ್ಣ ಊರಿನಲ್ಲಿ ಗಂಡ ಪಂಚಪ್ಪ ಕಾಳುಕಡಿಯ ಅಂಗಡಿ ಇಟ್ಟು ನೆಲೆಯಾಗುವ ಮೊದಲು ಆಕೆ ಉಟ್ಟದ್ದು, ಹೊದ್ದದ್ದು ಎಲ್ಲವೂ ತೇಪೆಯದೇ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಹೊಲಿದ ಕೌದಿಗಳಲ್ಲೇ ಆಕೆಯ ಮಕ್ಕಳು ಬೆಳೆದವು. ಸೋಮನಾಥ ಕತಾರಿಗೆ ಬಂದು ಎಣ್ಣೆ ಕಂಪನಿಯ ಗ್ಯಾಸ್ ಪ್ಲಾಂಟಿನಲ್ಲಿ ಕೆಲಸಕ್ಕೆ ಸೇರಿ, ಮೊದಲ ರಜೆಗೆ ಊರಿಗೆ ಹೋದಾಗ, ಗುಲಾಬಿ ಹೂವಿನ ಚಿತ್ರದ ದಪ್ಪ ರಗ್ಗುಗಳನ್ನು ಹೊತ್ತು ತಂದಿದ್ದ. ಅವತ್ತೇ ಮಹಾದೇವಕ್ಕ ಮನೆಯ ಕೌದಿಗಳನ್ನೆಲ್ಲ ಎಮ್ಮೆ ಕಾಯುವವನಿಗೆ ಕೊಟ್ಟು ಕೈ ತೊಳೆದುಕೊಂಡಳು. ಅಲ್ಲಿಂದ ಈಚೆಗೆ ಅವಳ ಮನೆಯಲ್ಲಿ ಹರಿದ ಬಟ್ಟೆಗೆ ಇದ್ದ ಜಾಗ ಒಂದೇ: ಒಲೆಯ ಕಟ್ಟೆ.

ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುತಿಂಗಳು ಅದು. ದುಖಾನಿನಲ್ಲಿ ಥಂಡಿ ಗಾಳಿ ಬೀಸುತ್ತಿತ್ತು. ಕಂಪನಿಯ ಮನೆಗಳು ಒಂದೇ ಅಚ್ಚಿನಿಂದ ತೆಗೆದಂತೆ ಸಾಲಾಗಿ ನಿಂತಿದ್ದವು. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಪ್ಲಾಂಟಿನ ಬೆಂಕಿ, ನಡುವೆ ಎಲ್ಲಿಗೂ ಹೋಗದ ರಸ್ತೆಗಳು. ಮಗನ ದೌಲತ್ತನ್ನು ಊರ ತುಂಬ ಹೇಳಿಕೊಂಡು ಬಂದಿದ್ದ ಮಹಾದೇವಕ್ಕನಿಗೆ ಒಂದು ವಾರದಲ್ಲೇ ಎಲ್ಲವೂ ಸಪ್ಪೆ ಅನಿಸಿತು. ಇಲ್ಲಿನ ಮೊಸರು ಹುಳಿಯುವುದಿಲ್ಲ. ಬದನೆಕಾಯಿ ಕುದಿಸಿದರೂ ಬಾಯಲ್ಲಿ ಹುಲ್ಲು. ನೀರಿಗೆ ರುಚಿಯೇ ಇಲ್ಲ. ಪೆಟ್ಟಿಗೆಯಲ್ಲಿ ತಂದ ಜೋಳದ ಹಿಟ್ಟಿನಿಂದ ದಿನಾ ಬೆಳಗ್ಗೆ ರೊಟ್ಟಿ ಬಡಿಯತೊಡಗಿದಳು. ಬಡಿಯುವ ಸದ್ದು ಪಕ್ಕದ ಮನೆಗೆ ಕೇಳುತ್ತದೆಂದು ಸೋಮನಾಥ ಮುಖ ಸಿಂಡರಿಸಿದ. ಐದನೇ ಇಯತ್ತೆಯ ಮೊಮ್ಮಗಳು ಗ್ರೀಷ್ಮಾ ರೊಟ್ಟಿಯ ಅಂಚು ಮುರಿದು ನೋಡಿ, "ಇದು ಕಾರ್ಡ್‌ಬೋರ್ಡ್ ಅಜ್ಜಿ, ನಂಗೆ ಬ್ರೆಡ್ ಸಾಕು," ಎಂದಳು.

"ನಿನಗ ಕನ್ನಡಾನೂ ಬರೂದಿಲ್ಲ, ರೊಟ್ಟೀನೂ ತಿನ್ನಾಕ ಬರೂದಿಲ್ಲ. ಇಷ್ಟು ದುಡ್ಡು ತುಂಬಿ ಸಾಲ್ಯಾಗ ಏನು ಕಲಸ್ತಾರ ನಿನಗ?" ಎಂದು ಅಜ್ಜಿ ಅದೇ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡಳು.

ಆದರೆ ಅವಳಿಗೆ ನಿಜವಾಗಿ ಸೈರಣೆಗೆ ಬಾರದ್ದು ಮಂಗಳವಾರ. ಅವತ್ತು ಶೈಲಾ ಬೆಳಗಿನ ಪಾತ್ರೆಗಳನ್ನು ಸಿಂಕಿನಲ್ಲೇ ಬಿಟ್ಟು, ಅನ್ನ ಸಾರು ಮಾಡಿಟ್ಟು, ಬಟ್ಟೆಯ ಗಂಟು ಕಂಕುಳಲ್ಲಿ ಇರುಕಿಕೊಂಡು ಹೊರಟುಬಿಡುತ್ತಿದ್ದಳು. ಮನೆಯಲ್ಲಿದ್ದಾಗಲೂ ಬಿಡುವು ಸಿಕ್ಕರೆ ಕೈಯಲ್ಲಿ ಸೂಜಿ. ಧಾರವಾಡದ ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದವಳು ಆಕೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕೆಲಸವೂ ಇಲ್ಲ, ಹೋಗಲು ಜಾಗವೂ ಇಲ್ಲ. ಮೊದಲಿಗೆ ಹೊತ್ತು ಹೋಗಲೆಂದು ಹಿಡಿದದ್ದು ಎರಡು ವರ್ಷಗಳಲ್ಲಿ ಗೀಳಾಗಿತ್ತು. ಮಲಗುವ ಕೋಣೆಯ ಬೀರುವಿನಲ್ಲಿ ತೇಪೆಯ ದಿಂಬುಚೀಲ, ತೇಪೆಯ ಕೈಚೀಲ, ತೇಪೆಯ ಪರದೆ ಒತ್ತೊತ್ತಾಗಿ ತುಂಬಿದ್ದವು. ಗಂಡ ಅವುಗಳನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದ, ಬೇಡವೆಂದು ಮಾತ್ರ ಹೇಳುತ್ತಿರಲಿಲ್ಲ. ಹೆಂಡತಿ ಏನಾದರೊಂದು ಹಿಡಿದುಕೊಂಡು ಕೂತಿದ್ದರೆ ಅವನಿಗೂ ನಿರಾಳ.

ಆಗ ಅವಳ ಕೈಯಲ್ಲಿದ್ದದ್ದು ಅವನದೇ ಒಂದು ಹಳೆಯ ಕವರಾಲ್. ಪ್ಲಾಂಟಿನಲ್ಲಿ ಮೈತುಂಬ ತೊಡುವ ನೀಲಿ ದಿರಿಸು. ಹೊಸವು ಬಂದ ಮೇಲೆ ಕಾರು ಒರೆಸಲು ಇಟ್ಟುಕೋ ಎಂದು ಅವನು ಎಸೆದದ್ದನ್ನು ಶೈಲಾ ತೊಳೆದು ತೆಗೆದಿಟ್ಟಿದ್ದಳು. ಅದರ ಬೆನ್ನಿನ ಮೇಲೆ ತನ್ನ ಹಳೆಯ ಇಳಕಲ್ ಸೀರೆಯ ತುಂಡು, ಗ್ರೀಷ್ಮಾಳ ಫ್ರಾಕಿನ ತುಂಡು, ಅಕ್ಕಿ ಚೀಲದ ಬಿಳಿ ಬಟ್ಟೆ ಎಲ್ಲವನ್ನೂ ಕೂಡಿಸಿ, ಕೊರಳಿನಿಂದ ಸೊಂಟದವರೆಗೆ ಬಿಳಿ ದಾರದ ಅಲೆಗಳನ್ನು ಹೊಲಿಯುತ್ತಿದ್ದಳು. ದೋಹಾದ ಅಬು ಹಮೂರಿನ ಒಂದು ಸಭಾಂಗಣದಲ್ಲಿ ಹೆಂಗಸರ ಕೈಕೆಲಸದ ಪ್ರದರ್ಶನವಿದೆ, ಅದಕ್ಕೆ ಇದನ್ನು ಇಡುತ್ತೇನೆ ಎಂದಳು.

"ಗಂಡನ ಅಂಗಿ ಹರದದ್ದು ನಾಕ ಮಂದಿಗೆ ತೋರಸಾಕ ದೋಹಾಕ ಹೋಗತಿಯೇನು?" ಎಂದು ಮಹಾದೇವಕ್ಕ ಕೇಳಿದಳು.

"ಹೂಂರಿ ಅತ್ತಿ," ಎಂದು ಶೈಲಾ ಸೂಜಿಗೆ ದಾರ ಪೋಣಿಸಿದಳು. ಅತ್ತೆಯ ಮಾತಿಗೆ ಅವಳು ಇತ್ತೀಚೆಗೆ ತಲೆ ಎತ್ತುವುದನ್ನೂ ಬಿಟ್ಟಿದ್ದಳು. ಹಳ್ಳಿಯಾಕೆಗೆ ಇದು ತಿಳಿಯುವುದಲ್ಲ ಎಂಬ ಭಾವ ಆ ಬಗ್ಗಿದ ತಲೆಯಲ್ಲಿ ಎದ್ದು ಕಾಣುತ್ತಿತ್ತು. ಮಹಾದೇವಕ್ಕನಿಗೆ ಅದು ಕಾಣದೆ ಇರಲಿಲ್ಲ.

ಒಂದು ಮಂಗಳವಾರ ಹಿಸಾಕೊ ತಾನಾಗಿಯೇ ಹೇಳಿಕಳಿಸಿದಳು, ಅತ್ತೆಯನ್ನೂ ಕರೆತರಬೇಕು ಅಂತ. ಮಹಾದೇವಕ್ಕ ಪೆಟ್ಟಿಗೆಯ ತಳದಿಂದ ರೇಷ್ಮೆಯಂಚಿನ ಹೊಸ ಸೀರೆ ತೆಗೆದು, ಬೋರಮಾಳ ಸರ ಹಾಕಿಕೊಂಡು ಹೊರಟಳು. ಹಿಸಾಕೊ ತೆಳ್ಳಗಿನ, ನಡುವಯಸ್ಸಿನ ಹೆಂಗಸು. ಬಾಗಿಲಲ್ಲೇ ಬಾಗಿ ಬಾಗಿ ನಮಸ್ಕಾರ ಮಾಡಿದಳು. ಪಕ್ಕದ ಮನೆಯ ಹೇಮಲತಾ ಆಗಲೇ ಬಂದು ಕೂತಿದ್ದಳು. ಮಂಗಳೂರಿನ ಕಡೆಯವಳು, ನಗು ಬಂದರೆ ತಡೆದುಕೊಳ್ಳುವ ಅಭ್ಯಾಸ ಇಲ್ಲದವಳು.

ಸಕ್ಕರೆಯಿಲ್ಲದ ಹಸಿರು ಚಹಾ ಕೊಟ್ಟ ಮೇಲೆ ಹಿಸಾಕೊ ಮರದ ಪೆಟ್ಟಿಗೆಯಿಂದ ಒಂದು ಅಂಗಿ ತೆಗೆದು ಚಾಪೆಯ ಮೇಲೆ ಹರಡಿದಳು. ಅವಳ ಅಜ್ಜಿ ಗದ್ದೆಗೆ ತೊಟ್ಟುಕೊಂಡು ಹೋಗುತ್ತಿದ್ದ ಅಂಗಿಯಂತೆ. ತೇಪೆಯ ಮೇಲೆ ತೇಪೆ, ಅದರ ಮೇಲೊಂದು ತೇಪೆ. ಮೂಲ ಬಟ್ಟೆ ಯಾವುದು ಎಂದು ಹುಡುಕಿದರೂ ಸಿಗದು. ಇಂಥ ಅಂಗಿಗಳನ್ನು ಈಗ ದೊಡ್ಡ ದೊಡ್ಡ ಊರುಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟು ನೋಡುತ್ತಾರೆ, ಆದರೆ ತನ್ನ ತಾಯಿಗೆ ಇವುಗಳನ್ನು ಕಂಡರೆ ನಾಚಿಕೆ, ಯುದ್ಧ ಮುಗಿದು ಕೈಯಲ್ಲಿ ನಾಲ್ಕು ಕಾಸು ಆಡಿದ ಕೂಡಲೇ ಮನೆಯಲ್ಲಿದ್ದವನ್ನೆಲ್ಲ ಹಿತ್ತಲಿಗೆ ಹಾಕಿ ಸುಟ್ಟುಬಿಟ್ಟಳು, ಇದೊಂದನ್ನು ಅಜ್ಜಿ ಬಚ್ಚಿಟ್ಟಿದ್ದಳು ಎಂದು ಹಿಸಾಕೊ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಶೈಲಾ ಕನ್ನಡಕ್ಕೆ ತಿರುಗಿಸಿದಳು.

ಮಹಾದೇವಕ್ಕ ಮೊದಲ ಬಾರಿಗೆ ಆ ಮನೆಯಲ್ಲಿ ತಲೆ ಆಡಿಸಿದಳು. "ಅವರವ್ವ ಶಾಣ್ಯಾಕಿ ಇದ್ದಳು ಅಂತ ಹೇಳು."

ಶೈಲಾ ಹಿಸಾಕೊಳತ್ತ ತಿರುಗಿ, ಅತ್ತೆಗೆ ನಿಮ್ಮ ಅಜ್ಜಿಯ ಅಂಗಿ ಬಹಳ ಹಿಡಿಸಿತಂತೆ ಎಂದು ಹೇಳಿದಳು. ಹಿಸಾಕೊ ಮತ್ತೆ ಬಾಗಿದಳು. ಸೊಸೆ ತನ್ನ ಮಾತನ್ನು ದಾಟಿಸಲಿಲ್ಲವೆಂದು ಮಹಾದೇವಕ್ಕನಿಗೆ ಆ ಬಾಗುವಿಕೆಯಿಂದಲೇ ಗೊತ್ತಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಶೈಲಾ ಉಮೇದಿನಲ್ಲಿದ್ದಳು. ನಮ್ಮ ಕಡೆಯೂ ಇಂಥದ್ದೇ ಇದೆ, ಕೌದಿ ಎನ್ನುತ್ತೇವೆ, ನಮ್ಮತ್ತೆ ಜೀವಮಾನವೆಲ್ಲ ಕೌದಿಯಲ್ಲೇ ಮಲಗಿದವರು, ತಮ್ಮ ನಾದಿನಿಯ ಮದುವೆಗೂ ತೇಪೆ ಹಚ್ಚಿದ ಕುಪ್ಪಸ ತೊಟ್ಟುಕೊಂಡೇ ಹೋಗಿದ್ದರಂತೆ ಎಂದು ಅರ್ಧ ಇಂಗ್ಲಿಷು ಅರ್ಧ ಕನ್ನಡದಲ್ಲಿ ಹೇಳಿಬಿಟ್ಟಳು. ಆ ಕುಪ್ಪಸದ ಸುದ್ದಿ ಪಂಚಪ್ಪ ಎಂದೋ ನಗೆಯಾಡುತ್ತ ಸೊಸೆಗೆ ಹೇಳಿದ್ದು. ಆ ಮದುವೆಯಲ್ಲಿ ಬೀಗರ ಕಣ್ಣಿಗೆ ಬೀಳದಿರಲಿ ಅಂತ ಮಹಾದೇವಕ್ಕನನ್ನು ಹಿತ್ತಲಿನ ಅಡಿಗೆಯಲ್ಲೇ ಕೂರಿಸಿದ್ದರು ಎಂಬುದನ್ನು ಮಾತ್ರ ಆತ ಹೇಳಿರಲಿಲ್ಲ, ಅವನಿಗೆ ಅದು ನೆನಪೂ ಇರಲಿಲ್ಲ.

"ಹೌದಾ ಅಮ್ಮ? ಮದುವೆಗೂ ತೇಪೆಯ ರವಿಕೆಯಾ ಎಂಥ?" ಎಂದು ಹೇಮಲತಾ ನಕ್ಕಳು. ಅವಳ ನಗುವಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಹಿಸಾಕೊ ಕೈಯನ್ನು ಎದೆಯ ಮೇಲಿಟ್ಟುಕೊಂಡು ಮಹಾದೇವಕ್ಕನ ಮುಖವನ್ನು ಭಕ್ತಿಯಿಂದ ನೋಡಿದಳು, ಒಂದು ಫೋಟೊ ತೆಗೆಯಬಹುದೇ ಎಂದು ಕೇಳಿದಳು. ರೇಷ್ಮೆಯಂಚಿನ ಸೀರೆ, ಬೋರಮಾಳ ಎರಡೂ ಮೈಮೇಲೆ ಇದ್ದು ಇಲ್ಲದಂತಾದವು. ಮಹಾದೇವಕ್ಕ ಎದ್ದು ನಿಂತು ಚಪ್ಪಲಿ ಹುಡುಕಿದಳು.

ದಾರಿಯಲ್ಲಿ ಶೈಲಾಳೇ ಮಾತು ತೆಗೆದಳು. "ಯಾಕ ಎದ್ದು ಬಂದ್ರಿ ಅತ್ತಿ? ಹೊಗಳಿದೆ ನಾ ನಿಮ್ಮನ್ನ."

"ನಿನ್ನ ಹೊಗಳಿಕಿ ನಿನ್ನ ಹತ್ರ ಇಟ್ಕೊ. ಬಡತನ ನಂದು, ನಾ ಉಂಡಿದ್ದು. ನಿಮಗ ಚಹಾದ ಜೋಡಿ ಕಡ್ಕೊಂಡು ತಿನ್ನಾಕ ಇಟ್ಟಿದ್ದಲ್ಲ."

"ಅದರಾಗ ನಾಚಿಕಿ ಏನೈತ್ರಿ?"

"ತೇಪಿ ಹಚ್ಚೂ ಜರೂರತ್ತು ಇಲ್ಲದಾಕೀಗೆ ನಾಚಿಕಿ ಎಲ್ಲಿಂದ ಬರತೈತಿ," ಎಂದಳು ಮಹಾದೇವಕ್ಕ.

ಮರುದಿನ ಸಂಜೆ ಶೈಲಾ ಇಸ್ತ್ರಿ ಮಾಡಿದ ಕವರಾಲನ್ನು ಗಂಡನ ಡ್ಯೂಟಿ ಬ್ಯಾಗಿನಲ್ಲಿಟ್ಟು ಅಡಿಗೆಮನೆಗೆ ಹೋದಳು. ಸೋಮನಾಥನಿಗೆ ಮುಂಜಾನೆಯ ಪಾಳಿ. ಬಟ್ಟೆ ಬದಲಿಸುವುದು ಪ್ಲಾಂಟಿನಲ್ಲೇ. ಮಹಾದೇವಕ್ಕ ಬೀರು ತೆರೆದು ತೇಪೆಯ ಕವರಾಲನ್ನು ತೆಗೆದಳು. ಅದಕ್ಕೆ ಸಿಕ್ಕಿಸಿದ್ದ ಸೂಜಿಯನ್ನು ಮಗನಿಗೆ ಚುಚ್ಚಬಾರದೆಂದು ಬಿಡಿಸಿ ಸೂಜಿದಿಂಬಿಗೆ ಚುಚ್ಚಿಟ್ಟಳು. ಬೆನ್ನು ಒಳಗಾಗುವಂತೆ ಚೊಕ್ಕಟವಾಗಿ ಮಡಚಿದಳು. ಇಸ್ತ್ರಿ ಮಾಡಿದ್ದು ಬೀರುವಿಗೆ ಹೋಯಿತು, ಇದು ಬ್ಯಾಗಿಗೆ ಹೋಯಿತು. ನಾಲ್ಕು ಜನ ನಗಲಿ, ಗಂಡ ಬಂದು ಒಂದು ಸಲ ಗದರಲಿ, ಅಲ್ಲಿಗೆ ಈ ಹರಕಿನ ಹುಚ್ಚು ಬಿಡುತ್ತದೆ ಅಂತ ಅವಳ ಎಣಿಕೆ. ರಾತ್ರಿ ಊಟಕ್ಕೆ ಅವಳೇ ಮಗನಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು.

ಅವಳು ಎಣಿಸಿದ್ದಕ್ಕಿಂತ ಜಾಸ್ತಿಯೇ ಆಯಿತು. ಸೋಮನಾಥ ನಸುಕಿನಲ್ಲಿ ಅವಸರವಾಗಿ ಬಟ್ಟೆ ಬದಲಿಸಿಕೊಂಡ. ಬೆನ್ನಿನ ಮೇಲಿನದ್ದು ಅವನಿಗೆ ಕಾಣಲಿಲ್ಲ, ಉಳಿದವರಿಗೆಲ್ಲ ಕಂಡಿತು. ಅವತ್ತು ದೋಹಾದ ಹೆಡ್ಡಾಫೀಸಿನಿಂದ ತಪಾಸಣೆಯ ತಂಡ ಬಂದಿತ್ತು. ಅವರಿಗೆ ಪ್ಲಾಂಟು ತೋರಿಸುವ ಕೆಲಸ ಇವನದೇ. ಮುಂದೆ ಮುಂದೆ ನಡೆದು ಅವನು ವಿವರಿಸುತ್ತಿದ್ದರೆ ಹಿಂದಿನಿಂದ ಕಿಸಕ್ಕೆಂದು ನಗು. ಕೊನೆಗೆ ಸೇಫ್ಟಿ ಆಫೀಸರ್ ಸಿರಿಲ್ ಅವನನ್ನು ಪಕ್ಕಕ್ಕೆ ಕರೆದು, "ಎಂಥ ಮಾರಾಯ್ರೆ ಇದು? ಇದನ್ನು ಹಾಕಿಕೊಂಡು ಗ್ಯಾಸಿನ ಹತ್ತಿರ ಹೋಗ್ಲಿಕ್ಕೆ ಬಿಡ್ಲಿಕ್ಕಿಲ್ಲ. ದಾರ ಬೆಂಕಿ ಹಿಡೀತದೆ," ಎಂದು ಕವರಾಲನ್ನು ಬಿಚ್ಚಿಸಿ ಇಟ್ಟುಕೊಂಡ. ಸೇಫ್ಟಿ ದಿರಿಸನ್ನು ಕೆಡಿಸಿದ್ದಕ್ಕೆ ಬರವಣಿಗೆಯಲ್ಲೇ ಎಚ್ಚರಿಕೆ ಬಂತು. ಸೂಪರಿಂಟೆಂಡೆಂಟ್ ಮುಖ ಕೊಟ್ಟು ಮಾತೂ ಆಡಲಿಲ್ಲ. ತಂಡವನ್ನು ಬೇರೆಯವನಿಗೆ ಒಪ್ಪಿಸಿ ಇವನನ್ನು ಮನೆಗೆ ಕಳಿಸಿದರು.

ಮಧ್ಯಾಹ್ನಕ್ಕೆ ಮೊದಲೇ ಬಾಗಿಲು ತಳ್ಳಿಕೊಂಡು ಬಂದವನು ಬೂಟು ಸಹ ಕಳಚಲಿಲ್ಲ. ಶೈಲಾ ಅಕ್ಕಿ ತೊಳೆಯುತ್ತಿದ್ದಳು. ಮಹಾದೇವಕ್ಕ ಚಟ್ನಿಗೆಂದು ಶೇಂಗಾ ಹುರಿಯುತ್ತಿದ್ದಳು.

"ಇಡೀ ಪ್ಲಾಂಟಿನ ಮುಂದ ಭಿಕಾರಿ ಮಾಡಿದಿ ನನ್ನ."

ಏನಾಯಿತೆಂದು ತಿಳಿಯಲು ಶೈಲಾಗೆ ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ, "ನಾ ಬ್ಯಾಗಿನ್ಯಾಗ ಇಟ್ಟಿದ್ದು ಇಸ್ತ್ರಿ ಮಾಡಿದ್ದು. ಅದನ್ನಲ್ಲ," ಎಂದಳು.

"ಮತ್ತ ಅದಕ್ಕ ಕಾಲು ಬಂದು ತಾನಽ ನಡಕೋತ ಹೋತೇನು?" ಅವನ ದನಿ ಏರಿತು. ಹನ್ನೆರಡು ವರ್ಷ ದುಡಿದು ಮಾಡಿಕೊಂಡ ಹೆಸರು ಒಂದು ಬೆಳಗಿನಲ್ಲಿ ಹೋಯಿತು ಎಂದ, ನಾಳೆ ಆ ಮಂದಿಗೆ ಹೇಗೆ ಮುಖ ತೋರಿಸಲಿ ಎಂದ. ಆಮೇಲೆ ಮಾತು ಅವಳ ತವರಿಗೆ ಹೋಯಿತು. "ಸಾಲಿ ಮಾಸ್ತರನ ಮಗಳಲ್ಲೇನು. ನಿಮ್ಮ ಮನ್ಯಾಗ ಹರಕು ಬಿಟ್ಟು ಬ್ಯಾರೆ ಏನರೆ ಕಂಡಿದ್ರ ಅಲ್ಲಾ ನೀವು. ಊಟಕ್ಕ ಹಾಕಿ ಅರಮನ್ಯಾಗ ಇಟ್ಟರೂ ನಿನ್ನ ಕೈ ಹರಕಿನ ಕಡೇನಽ ಹೋಗತೈತಿ."

ಗದರಲಿ ಎಂದುಕೊಂಡಿದ್ದ ಮಹಾದೇವಕ್ಕ ಇದನ್ನು ಎಣಿಸಿರಲಿಲ್ಲ. ಅಕ್ಕಿಯ ಪಾತ್ರೆ ಹಿಡಿದು ನಿಂತ ಸೊಸೆಯನ್ನೂ, ಬಾಗಿಲಿಗೆ ಅಡ್ಡ ನಿಂತ ಮಗನನ್ನೂ ನೋಡಿದಳು. ಅವನ ಮಾತು ಕಿವಿಗೆ ಅಗ್ಗವಾಗಿ ಕೇಳಿಸಿತು. ಗ್ಯಾಸು ಆರಿಸಿದಳು.

"ಅಕೀನ್ನ ಅನಬ್ಯಾಡ. ಇಟ್ಟಾಕಿ ನಾನು."

"ನಿನಗ ಗೊತ್ತಾಗದಽ ಇಟ್ಟಿರತಿ ಬಿಡವಾ."

"ಗೊತ್ತಿದ್ದಽ ಇಟ್ಟೆ. ತೇಪಿ ಒಳಗ ಮಾಡಿ ಮಡಚಿ ಇಟ್ಟೆ. ನಿನ್ನ ನಾಕ ಮಂದಿ ನಗಲಿ, ಇಕಿ ಸೂಜಿ ಬಿಡಲಿ ಅಂತ ಇಟ್ಟೆ."

ಸೋಮನಾಥ ತಾಯಿಯ ಮುಖ ನೋಡಿದ. ಅಡಿಗೆಮನೆಯಲ್ಲಿ ಹುರಿದ ಶೇಂಗಾದ ವಾಸನೆ ತುಂಬಿತ್ತು. ಆಮೇಲೆ ಅವನು ಹೆಂಡತಿಯ ಕಡೆಗೇ ತಿರುಗಿದ.

"ಆದರೂ ಹೊಲದಾಕಿ ನೀನಽ ಅಲ್ಲೇನು? ನೀ ಹೊಲೀದಿದ್ರ ಅವ್ವ ಎಲ್ಲಿಂದ ತಂದು ಇಡತಿದ್ಲು?"

ಅಷ್ಟು ಹೇಳಿ ಕೋಣೆಗೆ ಹೋದ. ಬೀರುವಿನಲ್ಲಿದ್ದ ದಿಂಬುಚೀಲ, ಕೈಚೀಲ, ಪರದೆ, ಅರ್ಧ ಹೊಲಿದ ತುಂಡುಗಳು, ದಾರದ ಉಂಡೆಗಳು ಎಲ್ಲವನ್ನೂ ಕಸದ ಕರಿ ಚೀಲಗಳಿಗೆ ತುರುಕಿದ. ಪಡಸಾಲೆಯ ಗೋಡೆಯದ್ದನ್ನೂ ಬಿಡಲಿಲ್ಲ. "ಸೋಮೂ, ಇಡು ಕೆಳಗ," ಎಂದು ಮಹಾದೇವಕ್ಕ ಅಂದದ್ದು ಅವನ ಕಿವಿಗೆ ಬಿತ್ತು, ಆದರೆ ಅವನು ನಿಲ್ಲಲಿಲ್ಲ. ಕಂಪೌಂಡಿನ ಮೂಲೆಯ ದೊಡ್ಡ ಕಸದ ತೊಟ್ಟಿಗೆ ಎರಡು ಸಲ ಹೋಗಿ ಬಂದ. ಶೈಲಾ ಅಡ್ಡ ಹೋಗಲಿಲ್ಲ. ಅಕ್ಕಿ ಕುಕ್ಕರಿಗೆ ಹಾಕಿ ಮುಚ್ಚಳ ಬಿಗಿದಳು. ಕಸದ ಗಾಡಿ ಬಂದು ತೊಟ್ಟಿಯನ್ನು ಎತ್ತಿ ಸುರುವಿಕೊಂಡು ಹೋಗುವುದನ್ನು ಅತ್ತೆ ಸೊಸೆ ಇಬ್ಬರೂ ಅಡಿಗೆಮನೆಯ ಕಿಟಕಿಯಿಂದ ನೋಡಿದರು.

"ನೀವು ಹೇಳಿದ್ದು ನನ್ನ ಸಲುವಾಗಿ ಅಲ್ಲ," ಎಂದಳು ಶೈಲಾ, ಕಿಟಕಿಯಿಂದ ಕಣ್ಣು ತೆಗೆಯದೆ.

"ಅಲ್ಲ," ಎಂದಳು ಮಹಾದೇವಕ್ಕ. "ಅವನ ಮಾತು ಕೇಳಲಾರದ ಹೇಳಿದೆ."

"ಅಷ್ಟಽ ಇರಲಿ ಹಂಗಾರ. ನಿಮ್ಮ ಉಪಕಾರ ಬ್ಯಾಡ ನನಗ."

ಆಮೇಲಿನ ದಿನಗಳಲ್ಲಿ ಮನೆಯಲ್ಲಿ ಅಡಿಗೆಗೆ ಕೊರತೆಯಾಗಲಿಲ್ಲ, ಮಾತಿಗಷ್ಟೇ ಆಯಿತು. ಶೈಲಾ ಹೊತ್ತು ಹೊತ್ತಿಗೆ ಬಡಿಸುತ್ತಿದ್ದಳು, ಜೊತೆಗೆ ಕೂರುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಅಡಿಗೆಮನೆಯ ಕಟ್ಟೆಯ ಹತ್ತಿರ ನಿಂತೇ ಉಣ್ಣುತ್ತಿದ್ದಳು. ಮಂಗಳವಾರ ಮನೆಯಲ್ಲೇ ಇರುತ್ತಿದ್ದಳು. ಸೋಮನಾಥನಿಗೆ ತನ್ನದು ಸ್ವಲ್ಪ ಹೆಚ್ಚಾಯಿತೆಂದು ಅನಿಸಿರಬೇಕು. ಒಂದು ಗುರುವಾರ ದೋಹಾ ಅಲ್ ಜದೀದಾ ಪೇಟೆಯ ಅಂಗಡಿಯಿಂದ ಹೊಸ ಹೊಲಿಗೆ ಯಂತ್ರ ತಂದು ಮೇಜಿನ ಮೇಲಿಟ್ಟ. ಕೈಯಲ್ಲಿ ಹೊಲಿದು ಕಣ್ಣು ಕೆಡಿಸಿಕೊಳ್ಳುವುದು ಬೇಡ, ಬೇಕಾದರೆ ಇದರಲ್ಲಿ ಹೊಲಿ, ಪರದೆಗೆ ಹೊಸ ಬಟ್ಟೆ ತಂದುಕೊಡುತ್ತೇನೆ ಎಂದ. ಶೈಲಾ ಅದರ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ಅದರ ಮೇಲೆ ಈರುಳ್ಳಿಯ ಬುಟ್ಟಿ ಇಟ್ಟಳು. ಮಹಾದೇವಕ್ಕ ದಿನಾ ಅಲ್ಲಿಂದಲೇ ಈರುಳ್ಳಿ ತೆಗೆದುಕೊಳ್ಳುತ್ತಿದ್ದಳು.

ತಾಯಿಯ ಜೊತೆ ಸೋಮನಾಥ ಎಂದಿನಂತೆಯೇ ಇದ್ದ. ನೀನು ಹಾಗೆ ಯಾಕೆ ಮಾಡಿದೆ ಎಂದು ಒಂದು ದಿನವೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನಿಸುತ್ತಿತ್ತು. ಮೇಲಿನವರ ಮುಂದೆ ತಲೆ ತಗ್ಗಿಸಿ, ತಾಯಿಯ ಮುಂದೆ ಬಾಯಿ ಮುಚ್ಚಿ, ಇದ್ದಬದ್ದದ್ದನ್ನೆಲ್ಲ ಹೆಂಡತಿಯ ಮೇಲೆ ಸುರಿಯುವ ಈ ಗಂಡಸನ್ನು ಹೆತ್ತು, ಊರ ತುಂಬ ಹೊಗಳಿಕೊಂಡು ತಿರುಗಿದ್ದು ನೆನಪಾದಾಗ ಅವಳು ಅರ್ಧ ಉಂಡ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಏಳುತ್ತಿದ್ದಳು. ಊರಿನಿಂದ ಪಂಚಪ್ಪ ಫೋನು ಮಾಡಿದಾಗ ಮಗ ಹೇಗಿದ್ದಾನೆ ಎಂದ. "ನಿನ್ನಂಗಽ ಅದಾನು," ಎಂದು ಫೋನು ಇಟ್ಟಳು.

ಪ್ರದರ್ಶನದ ಹಿಂದಿನ ವಾರ ಸಿರಿಲ್ ಬಾಗಿಲು ಬಡಿದ. ಸೋಮನಾಥ ಡ್ಯೂಟಿಯಲ್ಲಿದ್ದ, ಶೈಲಾ ಗ್ರೀಷ್ಮಾಳನ್ನು ಕರೆತರಲು ಸ್ಕೂಲ್ ಬಸ್ಸಿನ ಹತ್ತಿರ ಹೋಗಿದ್ದಳು. ಸಿರಿಲ್ ಪ್ಲಾಸ್ಟಿಕ್ ಚೀಲವೊಂದನ್ನು ಚಾಚಿ, ಎನ್‌ಕ್ವೈರಿ ಮುಗಿಯಿತು, ಇದು ನಿಮ್ಮದು, ಪ್ಲಾಂಟಿನೊಳಗೆ ಮಾತ್ರ ತರುವುದು ಬೇಡ ಎಂದು ಹೇಳಿ ಹೋದ. ಮಹಾದೇವಕ್ಕ ಬಿಚ್ಚಿ ನೋಡಿದಳು. ನೀಲಿ ಬೆನ್ನು, ಅದರ ಮೇಲೆ ಇಳಕಲ್ಲಿನ ಕೆಂಪು, ಅಕ್ಕಿ ಚೀಲದ ಬಿಳಿ, ಸಣ್ಣ ಸಣ್ಣ ದಾರದ ಸಾಲು. ಎಷ್ಟು ಹೊತ್ತು ನೋಡಿದರೂ ಅವಳಿಗೆ ಅದರಲ್ಲಿ ಚಂದ ಕಾಣಲಿಲ್ಲ. ಹರಕು ಹರಕೇ. ಕಸದ ತೊಟ್ಟಿ ದೂರವಿರಲಿಲ್ಲ, ಮನೆಯಲ್ಲಿ ಯಾರೂ ಇರಲಿಲ್ಲ. ಅವಳು ಅದನ್ನು ಸೊಸೆಯ ದಿಂಬಿನ ಮೇಲೆ ಇಟ್ಟು ಬಂದು ಬದನೆಕಾಯಿ ಹೆಚ್ಚುತ್ತ ಕೂತಳು. ಅವತ್ತು ಸಂಜೆ ಶೈಲಾ ಹೇಮಲತಾಳ ಮನೆಗೆ ಹೋಗಿ ಒಂದು ಉಂಡೆ ಬಿಳಿ ದಾರ ಬೇಡಿ ತಂದಳು. ಪಡಸಾಲೆಯ ನಡುವೆ, ಗಂಡನ ಎದುರಿಗೇ ಕೂತು, ಉಳಿದ ಅಲೆಗಳನ್ನು ಹೊಲಿದು ಮುಗಿಸಿದಳು. ಸೋಮನಾಥ ಟೀವಿಯ ಸದ್ದು ಏರಿಸಿದ.

ಶುಕ್ರವಾರ ದೋಹಾಕ್ಕೆ ಸಾಮಾನು ತರಲು ಹೇಗೂ ಹೋಗಬೇಕಿತ್ತು. ಎಲ್ಲರೂ ಹೊರಟರು. ಅಬು ಹಮೂರಿನಲ್ಲಿ ಶುಕ್ರವಾರದ ನಮಾಜಿಗೆ ಬಂದವರ ಕಾರುಗಳ ಸಂದಣಿ. ಸಭಾಂಗಣದ ಹೊರಗೆ ಇಳಿಸಿ, ನಾನು ಒಳಗೆ ಬರುವುದಿಲ್ಲ ಎಂದು ಸೋಮನಾಥ ಕಾರಿನಲ್ಲೇ ಕೂತ. ಒಳಗೆ ಕಸೂತಿ, ಹೂದಾನಿ, ಮೇಣದ ಬತ್ತಿ, ನಾನಾ ದೇಶದ ಹೆಂಗಸರು. ಹಿಸಾಕೊ ಕವರಾಲನ್ನು ಒಂದು ಬಿದಿರು ಕೋಲಿಗೆ ಪೋಣಿಸಿ, ಬೆನ್ನು ಮುಂದಾಗಿ, ನಡುಗೋಡೆಗೆ ತೂಗುಹಾಕಿದಳು. ಅದರ ಮುಂದೆ ಜನ ನಿಲ್ಲತೊಡಗಿದರು. ಇವರಿಗೆಲ್ಲ ಬೇರೆ ಕೆಲಸವಿಲ್ಲ ಎಂದುಕೊಂಡು ಮಹಾದೇವಕ್ಕ ಒಂದು ಕುರ್ಚಿ ಹಿಡಿದು ಕೂತಳು.

ಸ್ವಲ್ಪ ಹೊತ್ತಿಗೆ ಮುತ್ತಿನ ಸರದ, ಎತ್ತರದ ಹೆಂಗಸೊಬ್ಬಳು ಬಂದಳು. ಗ್ಯಾಸ್ ಪ್ಲಾಂಟಿನ ಸೂಪರಿಂಟೆಂಡೆಂಟನ ಹೆಂಡತಿ ಲೈಲಾ ಮೇಡಂ ಎಂದು ಹೇಮಲತಾ ಪಿಸುಗುಟ್ಟಿದಳು. ಲೈಲಾ ಆ ಬೆನ್ನಿನ ಮುಂದೆ ನಿಂತವಳು ಅಲ್ಲಾಡಲಿಲ್ಲ. ಬೆರಳಿನಿಂದ ಅಲೆಗಳನ್ನು ಸವರಿದಳು, ಶೈಲಾಳ ಕೈ ಹಿಡಿದುಕೊಂಡು ಏನೇನೋ ಕೇಳಿದಳು. ಕಾರಿನಲ್ಲಿ ಕೂತು ಬೇಸತ್ತ ಸೋಮನಾಥ ಹೆಂಡತಿ ಮಗಳನ್ನು ಹುಡುಕುತ್ತ ಬಾಗಿಲಿಗೆ ಬಂದದ್ದು ಆಗಲೇ. ಮೇಡಂ ಯಾರೆಂದು ಅವನಿಗೆ ಒಂದು ಕ್ಷಣದಲ್ಲಿ ತಿಳಿಯಿತು. ಕೂದಲು ಸರಿಮಾಡಿಕೊಂಡ, ಅಂಗಿ ಎಳೆದುಕೊಂಡ, ನಗುತ್ತ ಮುಂದೆ ಬಂದ. ಕವರಾಲನ್ನು ತೋರಿಸಿದ, ತನ್ನ ಎದೆಯನ್ನು ಮುಟ್ಟಿಕೊಂಡ, ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಮೇಡಂ ತಲೆದೂಗುತ್ತಿದ್ದಳು.

"ಏನಂತಾನ ನಿಮ್ಮಪ್ಪ?" ಎಂದು ಮಹಾದೇವಕ್ಕ ಮೊಮ್ಮಗಳನ್ನು ಕೇಳಿದಳು.

"ಪಪ್ಪಾ ಹೇಳ್ತಿದಾರೆ, ಇದು ಪಪ್ಪಾಂದೇ ಐಡಿಯಾ ಅಂತೆ. ಪಪ್ಪಾನೇ ಮಮ್ಮಿಗೆ ಕವರಾಲ್ ಕೊಟ್ಟು ಮಾಡು ಅಂದ್ರಂತೆ," ಎಂದಳು ಗ್ರೀಷ್ಮಾ.

ಮಹಾದೇವಕ್ಕ ಮಗನ ಆ ನಗುವನ್ನು ನೋಡಿದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೂಗಾಡಿದ್ದ ಬಾಯಿಯೇ ಅದು. ಕಣ್ಣು ಹೊರಳಿಸಿದರೆ ಶೈಲಾ ಕಂಡಳು. ಅವಳು ಗಂಡನನ್ನು ನೋಡಿ ಮುಗಿಸಿ ಅತ್ತೆಯ ಕಡೆ ತಿರುಗಿದ್ದಳು. ಇಬ್ಬರ ತುಟಿಯ ಕೊನೆಯೂ ಒಂದೇ ತೆರನಾಗಿ ಕೊಂಕಿತು. ಮಹಾದೇವಕ್ಕ ಬಂದು ಇಷ್ಟು ವಾರಗಳಾದ ಮೇಲೆ ಅವರಿಬ್ಬರಿಗೂ ಒಟ್ಟಿಗೆ ಒಪ್ಪಿಗೆಯಾದದ್ದು ಅದೊಂದೇ.

ವಾಪಸು ಹೊರಟಾಗ ಸಂಜೆಯಾಗಿತ್ತು. ಗ್ರೀಷ್ಮಾ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಶೈಲಾ ಅತ್ತೆಯ ಪಕ್ಕದಲ್ಲಿ ಹಿಂದೆ ಕೂತಿದ್ದಳು, ನಡುವೆ ಕವರಾಲಿನ ಗಂಟು. ಸೋಮನಾಥನ ಬಾಯಿಗೆ ಬಿಡುವಿರಲಿಲ್ಲ. ಮೇಡಂ ಗಂಡನ ಹತ್ತಿರ ಮಾತಾಡುತ್ತಾಳಂತ, ಆ ಎಚ್ಚರಿಕೆಯ ಕಾಗದ ಇನ್ನು ಲೆಕ್ಕಕ್ಕಿಲ್ಲವಂತ ಹೇಳುತ್ತ ಹೋದ. ಆ ಕವರಾಲನ್ನು ಅವರ ಮನೆಯ ಗೋಡೆಗೆ ಹಾಕಿಕೊಳ್ಳಬೇಕಂತ ಮೇಡಂಗೆ ಆಸೆಯಾಗಿದೆ, ಮುಂದಿನ ವಾರ ತಂದುಕೊಡುತ್ತೇನೆ ಎಂದು ಮಾತು ಕೊಟ್ಟಿದ್ದೇನೆ ಎಂದ.

"ಕೊಡೂದಿಲ್ಲ," ಎಂದಳು ಶೈಲಾ.

"ಮಾತು ಕೊಟ್ಟೀನಿ ಅಂತೀನಿ."

"ಮಾತನ್ನಽ ಕೊಡ್ರಿ ಹಂಗಾರ. ನಿಮ್ಮ ಹತ್ರ ಅದು ಬೇಕಾದಷ್ಟು ಐತಿ."

ಸೋಮನಾಥ ಕನ್ನಡಿಯಲ್ಲಿ ತಾಯಿಯನ್ನು ಹುಡುಕಿದ. "ಅವ್ವಾ, ನೀನರೆ ಹೇಳು ಇಕೀಗೆ. ಒಂದು ಹಳೇ ಕವರಾಲು. ನಿನಗೂ ಸೇರೂದಿಲ್ಲ ಅದು."

"ನನಗ ಸೇರೂದಿಲ್ಲ ಖರೆ," ಎಂದಳು ಮಹಾದೇವಕ್ಕ. "ಆದರ ಅಕೀದು ಅದು. ಮುಂದ ನೋಡಿ ಗಾಡಿ ನಡಸು."

ದುಖಾನಿನ ರಸ್ತೆ ಉದ್ದಕ್ಕೆ ಬಿದ್ದಿತ್ತು. ದೂರದಲ್ಲಿ ಪ್ಲಾಂಟಿನ ಬೆಂಕಿ ಕಾಣಿಸುವ ಹೊತ್ತಿಗೆ ಶೈಲಾ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಬೆಳಗ್ಗೆ ಮಾಡಿದ್ದ ಶೇಂಗಾ ಹೋಳಿಗೆ. "ತಗೊಳ್ರಿ ಅತ್ತಿ," ಎಂದು ಮುಂದೆ ಹಿಡಿದಳು. ಮಹಾದೇವಕ್ಕ ಒಂದು ತೆಗೆದುಕೊಂಡಳು. ಬೆಲ್ಲ ಕಡಿಮೆಯಾಗಿದೆ ಎಂದಳು. ಇನ್ನೊಂದು ತೆಗೆದುಕೊಂಡಳು. ಶೈಲಾಳೂ ತಿಂದಳು. ವಾಸನೆ ಮುಂದಕ್ಕೆ ಹೋಗಿರಬೇಕು, ಸೋಮನಾಥ ರಸ್ತೆಯಿಂದ ಕಣ್ಣು ತೆಗೆಯದೆ ಒಂದು ಕೈಯನ್ನು ಹಿಂದಕ್ಕೆ ಚಾಚಿದ. ಸೀಟುಗಳ ನಡುವೆ ಅಂಗೈ ಮೇಲಾಗಿ ಆ ಕೈ ಕಾಯುತ್ತಿತ್ತು. ಇಬ್ಬರೂ ಅದನ್ನು ನೋಡಿದರು. ಶೈಲಾ ಡಬ್ಬಿಯ ಮುಚ್ಚಳ ಹಾಕಿದಳು, ಮಹಾದೇವಕ್ಕ ಅದನ್ನು ಇಸಿದುಕೊಂಡು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.